ಗಡಬಡಿಯಲ್ಲಿ ಒಡೆದ ಗಂಗೆಯ ಗಿಂಡಿ

ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ಮುಖ ಸಣ್ಣದು ಮಾಡಿಕೊಂಡು, ದಿನಾ ಸಾವಿನ ಪಕ್ಕದಲ್ಲೇ ಕೂತು ನಿಮಗೆ ಬೇಸರ ಆಗಲಿಲ್ಲವಾ ಸಿಸ್ಟರ್ ಎಂದು ಕೇಳುತ್ತಾರೆ. ನಿಜ ಹೇಳಿದರೆ ನಂಬುವುದಿಲ್ಲ. ಕೂಕಟ್‌ಪಲ್ಲಿಯ ಆ ವೃದ್ಧಾಶ್ರಮದಲ್ಲಿ ನಾನು ಅತ್ತದ್ದಕ್ಕಿಂತ ನಕ್ಕದ್ದೇ ಜಾಸ್ತಿ. ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು, ಕರವಸ್ತ್ರ ಬಾಯಿಗೆ ತುರುಕಿಕೊಂಡು, ಪಕ್ಕೆ ನೋಯುವಷ್ಟು ನಕ್ಕಿದ್ದೇನೆ. ಒಮ್ಮೆಯಂತೂ ಹೋಗೇಬಿಟ್ಟರು ಎಂದುಕೊಂಡಿದ್ದ ಮುದುಕಿಯ ಹಾಸಿಗೆಯ ಪಕ್ಕದಲ್ಲೇ ನಕ್ಕೆ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯಲು ಕೂತಿದ್ದೇನೆ.

ನಾನು ಶಕುಂತಲಾ, ಕಲಬುರಗಿ ಕಡೆಯವಳು. ಮದುವೆಯಾಗಿ ಹೈದರಾಬಾದಿಗೆ ಬಂದೆ, ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಈ ಆಶ್ರಮದಲ್ಲಿ ನರ್ಸ್ ಆಗಿ ದುಡಿದೆ. ಯಾವಾಗ ಇನ್‌ಚಾರ್ಜ್ ಆದೆ, ಯಾರು ಶಾಲು ಹೊದಿಸಿದರು ಎನ್ನುವುದನ್ನು ಕಟ್ಟಿಕೊಂಡು ನಿಮಗೇನಾಗಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದವನ ಹತ್ತಿರ ಹಿಂದಿ, ಮುದುಕರ ಹತ್ತಿರ ಅವರಿಗೆ ಯಾವುದು ನೆನಪಿದೆಯೋ ಅದು. ಈ ಕೆಲಸಕ್ಕೆ ಇದೇ ಮೊದಲ ಅರ್ಹತೆ ಎಂದು ನನ್ನ ಅಭಿಪ್ರಾಯ.

ನನಗೆ ಮೊದಲ ಪಾಠ ಕಲಿಸಿದವರು ಯೂಸುಫ್ ಸಾಹೇಬರು. ರೈಲಿನಲ್ಲಿ ಗಾರ್ಡ್ ಆಗಿದ್ದವರು, ನಾಂಪಲ್ಲಿ ಸ್ಟೇಷನ್ನಿನಿಂದ ನಿವೃತ್ತರಾದವರು. ವಯಸ್ಸಾದಂತೆ ಅವರ ನೆನಪು ಹಿಂದಕ್ಕೆ ಸರಿಯುತ್ತ ಸರಿಯುತ್ತ ಪ್ಲಾಟ್‌ಫಾರ್ಮಿನ ಮೇಲೆ ಹೋಗಿ ನಿಂತುಬಿಟ್ಟಿತ್ತು. ಊಟದ ಹೊತ್ತಿಗೆ ನಡುಮನೆಯ ದಾರಿಯಲ್ಲಿ ನೆಟ್ಟಗೆ ನಿಂತುಕೊಂಡರೆ ಮುಗಿಯಿತು, ಅಲ್ಲಾಡುತ್ತಿರಲಿಲ್ಲ. ಆಗಿನ ಕಾಲದಲ್ಲಿ ನಮಗೆ ಕಲಿಸಿದ್ದು ಮರೆತವರಿಗೆ ತಿದ್ದಿ ಹೇಳಬೇಕು ಎಂದು. ಹಾಗಾಗಿ ನಾನು ದಿನಾ ಅವರ ಎದುರು ನಿಂತು, ಇದು ಸ್ಟೇಷನ್ ಅಲ್ಲ, ನೀವು ರಿಟೈರ್ ಆಗಿದ್ದೀರಿ, ಇವತ್ತು ಮಂಗಳವಾರ ಎಂದು ಪಾಠ ಒಪ್ಪಿಸುತ್ತಿದ್ದೆ. ಅವರು ಟಿಕೆಟ್ಟಿಲ್ಲದ ಪ್ರಯಾಣಿಕಳನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು.

ಒಂದು ದಿನ ನಾನು ದಾರಿಯ ಆ ತುದಿಯಲ್ಲಿ ಒಗೆದ ಹಾಸಿಗೆಬಟ್ಟೆ ಝಾಡಿಸುತ್ತಿದ್ದೆ. ಹಸಿರು ಬಣ್ಣದ್ದು. ಸಾಹೇಬರು ಎರಡು ಬೆರಳು ತುಟಿಗೆ ಇಟ್ಟು ಸೀಟಿ ಊದಿದಂತೆ ಮಾಡಿದರು, ಸೀದಾ ನಡೆದು ಹೋಗಿ ಊಟದ ಮೇಜಿಗೆ ಕೂತರು. ನಾನು ಬಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಅಂದಿನಿಂದ ನನ್ನ ಸೊಂಟದಲ್ಲಿ ಒಂದು ಹಸಿರು ಕರವಸ್ತ್ರ ಕಾಯಂ ಆಯಿತು. ಆದರೆ ಬುದ್ಧಿವಂತಿಕೆ ಪೂರ್ತಿ ಬರಲು ಟೈಮ್ ಹಿಡಿಯುತ್ತದಲ್ಲ. ಇನ್ನೊಂದು ದಿನ ಯಾರದೋ ಸೊಂಟನೋವಿಗೆಂದು ಕೆಂಪು ರಬ್ಬರಿನ ಬಿಸಿನೀರಿನ ಚೀಲ ಹಿಡಿದು ಎದುರಿಗೆ ಬಂದೆ. ಸಾಹೇಬರು ನಡುದಾರಿಯಲ್ಲಿ ಗಕ್ಕನೆ ನಿಂತರು. ಅವರ ಹಿಂದೆ ವಾಕರು, ಕೋಲು, ಗಾಲಿಕುರ್ಚಿ ಎಲ್ಲ ಸಾಲಾಗಿ ನಿಂತವು. ಹಿಂದಿನವರು ಮುಂದಿನವರನ್ನು ಬೈದರು, ಉಪ್ಪಿಟ್ಟು ತಣ್ಣಗಾಯಿತು, ಏನು ತೊಂದರೆ ಎಂದು ಯಾರಿಗೂ ತಿಳಿಯಲಿಲ್ಲ. ನಮ್ಮ ಡಾಕ್ಟರ್ ರಾವ್ ಬಂದು, ಇವರಿಗೇನಾಯಿತು, ಪಾರ್ಶ್ವವಾಯುವೇ ಎಂದು ಗಾಬರಿಯಾದರು. ಸಿಗ್ನಲ್ ಸಿಕ್ಕಿಲ್ಲ ಸಾರ್ ಎಂದು ಹೇಳಿ ನಾನು ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಗಾಡಿ ಹೊರಟಿತು.

ಇಂಥ ನಮ್ಮ ಸ್ಟೇಷನ್ನಿಗೆ ತುಳಜಾಬಾಯಿ ಬಂದರು. ಬೀದರ್ ಕಡೆಯವರು, ಎಂಬತ್ತು ದಾಟಿದವರು, ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೂಕಟ್‌ಪಲ್ಲಿಯಲ್ಲೇ ಜೋಳದ ರೊಟ್ಟಿಯ ಖಾನಾವಳಿ ನಡೆಸಿದ್ದವರು. ನಮ್ಮ ಕಡೆಯಿಂದ ನೌಕರಿಗೆ ಬಂದ ಎಷ್ಟೋ ಹುಡುಗರು ಅವರ ಕೈಯ ಪುಂಡಿಪಲ್ಯ ತಿಂದು ಬದುಕಿಕೊಂಡವರು. ಅವರನ್ನು ಯಾರೂ ತಂದು ಬಿಡಲಿಲ್ಲ. ತಾವೇ ಆಟೋದಲ್ಲಿ ಬಂದು, ಕೋಣೆ ನೋಡಿ, ಅಡುಗೆಮನೆ ನೋಡಿ, ಅಡುಗೆಯವಳಿಗೆ ಒಗ್ಗರಣೆ ಹೇಗೆ ಹಾಕಬೇಕೆಂದು ಹೇಳಿ, ದಿನಕ್ಕೆ ಮೂರು ಸಲ ಖಡಕ್ ಚಹಾ ಕೊಡುವುದಾದರೆ ಇರುತ್ತೇನೆ ಎಂದು ಷರತ್ತು ಹಾಕಿ ಉಳಿದುಕೊಂಡರು. ಜೊತೆಗೆ ಬಂದಿದ್ದ ಅಣ್ಣನ ಮಗ ದತ್ತೂ, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಕೆಲಸ, ಬೆವರು ಒರೆಸಿಕೊಳ್ಳುತ್ತ ಟ್ರಂಕು ಹೊರುತ್ತಿದ್ದ.

ಟ್ರಂಕಿನಿಂದ ಅವರು ಮೊದಲು ತೆಗೆದದ್ದು ವಿಠೋಬನ ಫೋಟೋ. ಎರಡನೆಯದು ಒಂದು ತಾಮ್ರದ ಗಿಂಡಿ. ದೊಡ್ಡ ನಿಂಬೆಹಣ್ಣಿನಷ್ಟಿತ್ತು, ಬಾಯಿಗೆ ಬೆಸುಗೆ ಹಾಕಿತ್ತು, ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. ಗಂಡನ ಜೊತೆ ಕಾಶಿಗೆ ಹೋದಾಗ ತಂದ ಗಂಗೆ. ಪ್ರಾಣ ಹೋಗುವ ಹೊತ್ತಿಗೆ ಬಾಯಿಗೆ ಬಿಡುವ ನೀರು. ನಮ್ಮ ಕಡೆ ಹಳಬರ ಮನೆಯಲ್ಲಿ ಇದು ಇದ್ದೇ ಇರುತ್ತದೆ, ಅದನ್ನು ಮಧ್ಯದಲ್ಲಿ ಯಾರೂ ಒಡೆಯುವುದಿಲ್ಲ. ತುಳಜಾಬಾಯಿ ಅದನ್ನು ವಿಠೋಬನ ಪಕ್ಕದಲ್ಲಿಟ್ಟು ನನ್ನ ಕೈ ಹಿಡಿದುಕೊಂಡರು.

"ಸಿಸ್ಟರ್, ಇದು ನನ್ನ ಕಡೀ ಗುಟುಕು. ಹೊತ್ತು ಬಂದಾಗ ನೀವೇ ಒಡೀಬೇಕು. ನಮ್ಮ ದತ್ತೂನ ಕೈಯಾಗ ಕೊಡಬ್ಯಾಡ್ರಿ, ಅಂವ ಭಾಳ ಗಡಬಡಿ ಮನಷಾ ಅದಾನ."

ಆಗಲಿ ಅವ್ವಾರ ಎಂದೆ. ಅವರಿಗೆ ಸಾಯುವ ಭಯ ಇರಲಿಲ್ಲ. ಈ ವಯಸ್ಸಿನ ಬಹಳ ಜನಕ್ಕೆ ಇರುವುದಿಲ್ಲ, ಇದು ನಿಮಗೆ ಗೊತ್ತಿರಲಿ. ಅವರ ಭಯವೇ ಬೇರೆ. ತಮ್ಮ ಸಾವಿನ ಕೆಲಸವನ್ನು ತಮ್ಮನ್ನು ಕೇಳದೆ ಯಾರೋ ಅಡ್ಡಾದಿಡ್ಡಿ ಮಾಡಿ ಮುಗಿಸಿಬಿಡುತ್ತಾರೆ ಎನ್ನುವುದು ಅವರ ಭಯ.

ಅದನ್ನೇ ನಾವು ಮಾಡಿದೆವು ನೋಡಿ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರ್ ರಾವ್ ಒಂದು ಬೆಳಗ್ಗೆ ಚಹಾಕ್ಕೆ ಸಕ್ಕರೆ ಬಂದ್ ಎಂದು ಹೇಳಿ ಹೋದರು. ತುಳಜಾಬಾಯಿ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. ಆಮೇಲೆ ಚಹಾ ಮುಟ್ಟಲಿಲ್ಲ, ಅದರ ಹಿಂದೆಯೇ ನೀರೂ ಬಿಟ್ಟರು, ಅನ್ನವೂ ಬಿಟ್ಟರು. ಅಷ್ಟರಲ್ಲಿ ಜ್ವರ ಬಂತು. ನಾವು ಜ್ವರ ನೋಡಿದೆವು, ಹಟ ನೋಡಲಿಲ್ಲ. ಮುದುಕರ ಕೈಯಲ್ಲಿ ಉಳಿದಿರುವ ಅಧಿಕಾರವೆಂದರೆ ಒಲ್ಲೆ ಎನ್ನುವುದೊಂದೇ, ಅದನ್ನು ಅವರು ಪೂರಾ ಬಳಸುತ್ತಾರೆ. ಕಣ್ಣು ಮುಚ್ಚಿದರು, ಕರೆದರೆ ಓಗೊಡಲಿಲ್ಲ. ಆಸ್ಪತ್ರೆಗೆ ಒಯ್ಯಕೂಡದು ಎಂದು ಮೊದಲೇ ಹೇಳಿದ್ದರು. ಸಲೈನ್ ಹಾಕಲು ನರ ಸಿಗಲಿಲ್ಲ. ರಾವ್ ನಾಡಿ ಹಿಡಿದು ನೋಡಿ, ಸಂಬಂಧಿಕರಿಗೆ ತಿಳಿಸಿಬಿಡಿ ಸಿಸ್ಟರ್ ಎಂದರು. ನಾನೂ ಬಹಳ ಸಾವು ಕಂಡವಳಲ್ಲವೇ, ಹೌದು, ಇವತ್ತೇ ಎಂದು ತಲೆಯಾಡಿಸಿದೆ.

ಬೆಳಗ್ಗೆ ತಿಂಡಿಯ ಹೊತ್ತಿಗೆ ದತ್ತೂ ಬಂದ, ಅತ್ತೆ ತೀರಿಕೊಂಡಳು ಎಂದೇ ಕಾರ್ಖಾನೆಗೆ ಫೋನು ಮಾಡಿ ರಜೆ ಹಾಕಿದ್ದ. ಖಾನಾವಳಿಯ ಹಳೇ ಹುಡುಗರೂ ಬಂದರು, ಹುಡುಗರೆಂದರೆ ಹೊಟ್ಟೆ ಬಂದು ತಲೆ ನೆರೆತವರು. ಪದ್ಧತಿಯಂತೆ ಅವ್ವಾರನ್ನು ಮಂಚದಿಂದ ಇಳಿಸಿ ನೆಲದ ಮೇಲೆ ಚಾಪೆಯಲ್ಲಿ ಮಲಗಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಗಿಂಡಿ ತೆಗೆದುಕೊಂಡೆ.

ಬೆಸುಗೆ ಬಿಡಲಿಲ್ಲ. ಕತ್ತರಿ ಹಾಕಿದೆ, ಚಮಚದ ಹಿಡಿಕೆ ಹಾಕಿದೆ, ಕಾಶಿಯ ಕಂಚುಗಾರ ಏನು ಮಾಡಿದ್ದನೋ, ಜಪ್ಪಯ್ಯ ಎನ್ನಲಿಲ್ಲ. ದತ್ತೂ ನನ್ನ ಕೈಯಿಂದ ಕಸಿದುಕೊಂಡು ಸ್ಕ್ರೂಡ್ರೈವರ್ ಇಟ್ಟು ಅಡುಗೆಮನೆಯ ಕುಟ್ಟಾಣಿಯಿಂದ ಠಣ್ ಠಣ್ ಎಂದು ಬಡಿಯತೊಡಗಿದ. ಗಿಂಡಿ ಹಾರಿ ಮಂಚದ ಕೆಳಗೆ ಉರುಳಿತು. ಹೊಟ್ಟೆಯವನೊಬ್ಬ ಅದನ್ನು ಹಿಡಿಯಲು ಮಂಚದ ಕೆಳಗೆ ತೂರಿ ಸಿಕ್ಕಿಹಾಕಿಕೊಂಡ. ಅವನ ಕಾಲು ಹಿಡಿದು ಎಳೆಯಬೇಕಾಯಿತು. ಒಬ್ಬ ರಾಮನಾಮ ಹೇಳುತ್ತಿದ್ದ, ಒಬ್ಬ ಜೋರಾಗಿ ಅಳುತ್ತಿದ್ದ, ಒಬ್ಬ ಹೂವಿನ ಹಾರದವನ ಹತ್ತಿರ ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದ. ಇಷ್ಟು ಗದ್ದಲದಲ್ಲಿ ಯಾರಿಗೂ ನೆಮ್ಮದಿಯಾಗಿ ಸಾಯಲು ಸಾಧ್ಯವಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಕೊನೆಗೂ ಗಿಂಡಿಯ ಬಾಯಿ ತೆರೆಯಿತು. ಮೊದಲು ದತ್ತೂ ತುಳಸಿ ಎಲೆ ಇಟ್ಟು ಒಂದು ಚಮಚ ಬಿಟ್ಟ. ಅವನಾದ ಮೇಲೆ ನಾನೂ ಅವ್ವಾರ ರೊಟ್ಟಿ ತಿಂದವನೇ ಎಂದು ಒಬ್ಬ, ನಾನೂ ಎಂದು ಇನ್ನೊಬ್ಬ. ಬಾಗಿಲಲ್ಲಿ ನಿಂತಿದ್ದ ಅಡುಗೆಯವಳೂ ಬಂದಳು, ಯೂಸುಫ್ ಸಾಹೇಬರೂ ಸಾಲಿನಲ್ಲಿ ನಿಂತು ಒಂದು ಚಮಚ ಬಿಟ್ಟರು, ಕಡೆಗೆ ನಾನೂ ಬಿಟ್ಟೆ. ಗಿಂಡಿ ತಳ ಕಂಡಿತು. ಎಲ್ಲರೂ ಕೈಮುಗಿದು ಉಸಿರು ಬಿಗಿಹಿಡಿದು ನಿಂತೆವು.

ತುಳಜಾಬಾಯಿ ತುಟಿ ಚಪ್ಪರಿಸಿದರು. ಒಂದು ಕಣ್ಣು ತೆರೆದರು.

"ಚಹಾ ಆತೇನು?"

ನನಗೆ ನಗು ಬಂದದ್ದು ಆಗ. ತಡೆಯಲು ನೋಡಿದೆ, ಮೂಗಿನಿಂದ ಹೊರಗೆ ಬಂತು. ನೀರಿಲ್ಲದೆ ಒಣಗಿದ್ದ ಜೀವಕ್ಕೆ ಇಷ್ಟು ಜನ ಸೇರಿ ಚಮಚ ಚಮಚವಾಗಿ ನೀರು ಕುಡಿಸಿದ್ದೆವಲ್ಲ, ಗಂಗೆ ತನ್ನ ಕೆಲಸ ಮಾಡಿತ್ತು, ನಾವು ಹೇಳಿದ ಕೆಲಸವನ್ನಲ್ಲ ಅಷ್ಟೆ. ಅಳುತ್ತಿದ್ದವನು ಅಳು ನಿಲ್ಲಿಸುವುದೋ ಮುಂದುವರಿಸುವುದೋ ತಿಳಿಯದೆ ಬಿಕ್ಕಳಿಸತೊಡಗಿದ. ಹಾರದವನಿಗೆ ಬೇಡ ಎಂದು ಹೇಳಲು ಇನ್ನೊಬ್ಬ ಹೊರಗೆ ಓಡಿದ. ಅಷ್ಟರಲ್ಲಿ ಅವ್ವಾರ ಕಣ್ಣು ನನ್ನ ಕೈಯ ಗಿಂಡಿಯ ಮೇಲೆ ಬಿತ್ತು. ನಗು ಅಲ್ಲಿಗೆ ನಿಂತಿತು.

"ನನ್ನ ಗಂಗಿ ಒಡದ್ರಿ?" ಎಂದರು. "ಇನ್ನ ನಾ ಹ್ಯಾಂಗ ಸಾಯಬೇಕ್ರಿ, ಹೇಳ್ರಿ ಸಿಸ್ಟರ್."

ಇದಕ್ಕೆ ನರ್ಸಿಂಗಿನ ಯಾವ ಪುಸ್ತಕದಲ್ಲಿ ಉತ್ತರ ಇದೆ ಹೇಳಿ. ಮರುದಿನ ಕಾರ್ಖಾನೆಯಲ್ಲಿ ದತ್ತೂವನ್ನು ಮೇಲಿನವರು, ಅತ್ತೆಯದು ಎಲ್ಲ ಮುಗಿಯಿತಾ ಎಂದು ಕೇಳಿದರಂತೆ. ಚಹಾ ಕುಡಿಯುತ್ತಿದ್ದಾಳೆ ಎಂದು ಹೇಳಿದನಂತೆ. ಆ ಮೇಲೆ ಅವನ ಯಾವ ರಜೆಯನ್ನೂ ಅಲ್ಲಿ ಯಾರೂ ನಂಬಲಿಲ್ಲ.

ರಾವ್ ಸಾಹೇಬರು ಸೋತು ಬೆಳಗಿನ ಚಹಾಕ್ಕೆ ಒಂದೇ ಚಮಚ ಸಕ್ಕರೆ ಎಂದು ರಾಜಿಗೆ ಬಂದರು. ಮುದುಕಿ ಚಿಗುರಿಕೊಂಡರು. ಆದರೆ ಮೊದಲಿನಂತಿರಲಿಲ್ಲ. ವಿಠೋಬನ ಪಕ್ಕದ ಖಾಲಿ ಜಾಗ ನೋಡುತ್ತ ಕೂತುಬಿಡುತ್ತಿದ್ದರು. ಗಂಗೆ ಇಲ್ಲದೆ ಸತ್ತರೆ ಅಲ್ಲಿ ಗಂಡನಿಗೆ ಏನು ಮುಖ ತೋರಿಸಲಿ, ಇಬ್ಬರೂ ಸೇರಿ ತಂದದ್ದು ಎನ್ನುತ್ತಿದ್ದರು. ನನ್ನ ಹತ್ತಿರ ಸಿಟ್ಟಿನಿಂದ ಮಾತು ಬಿಟ್ಟರು. ಔಷಧಿ ಕೊಟ್ಟರೆ ಬಾಯಿ ತೆರೆಯುತ್ತಿದ್ದರು, ಮುಖ ಆ ಕಡೆ. ನನಗೆ ಬಹಳ ಸಂಕಟವಾಯಿತು. ಗಡಬಡಿ ಮನುಷ್ಯನ ಕೈಗೆ ಕೊಡಬೇಡಿ ಎಂದು ನನ್ನ ಕೈಗೆ ಕೊಟ್ಟಿದ್ದರು.

ದತ್ತೂ ಮೊದಲು ಪೋಸ್ಟಿನಲ್ಲಿ ಗಂಗಾಜಲ ತರಿಸಿದ. ಪ್ಲಾಸ್ಟಿಕ್ ಬಾಟಲಿ ನೋಡಿ ಅವರು, ಇದನ್ನ ಗಿಡಕ್ಕ ಹಾಕು ಎಂದರು. ಮುಂದಿನ ವಾರ ಅವನು ಹೊಸ ತಾಮ್ರದ ಗಿಂಡಿಯನ್ನೇ ಹಿಡಿದುಕೊಂಡು ಬಂದ, ಬಾಯಿಗೆ ಬೆಸುಗೆ, ಹಣೆಗೆ ಕುಂಕುಮ, ಎಲ್ಲ ಇತ್ತು. ಕಾಶಿಯಿಂದ ಗೆಳೆಯನೊಬ್ಬ ತಂದ ಎಂದ. ಆದರೆ ಹೊರಗೆ ನನ್ನ ಹತ್ತಿರ ಮೆಲ್ಲಗೆ ನಿಜ ಹೇಳಿಬಿಟ್ಟಿದ್ದ. ಗಿಂಡಿ ನಾಂಪಲ್ಲಿಯ ಅಂಗಡಿಯದು, ನೀರು ಅವನ ಮನೆಯ ನಲ್ಲಿಯದು, ಬೆಸುಗೆ ಜೀಡಿಮೆಟ್ಲಾದಲ್ಲಿ ಲಾರಿ ರೇಡಿಯೇಟರ್ ರಿಪೇರಿ ಮಾಡುವವನದು. ರಾವ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಮನಸ್ಸಿಗೆ ಸಮಾಧಾನವಾದರೆ ಸಾಕಲ್ಲ ಸಿಸ್ಟರ್, ಯೂಸುಫ್ ಸಾಹೇಬರಿಗೆ ನೀವು ದಿನಾ ಹಸಿರು ಬಟ್ಟೆ ತೋರಿಸುತ್ತೀರಿ, ಇದೂ ಹಾಗೇ ಎಂದು ವಾದಿಸಿದರು.

ಹಾಗಲ್ಲ, ಮತ್ತು ಇದನ್ನು ಹೊಸಬರು ಸರಿಯಾಗಿ ಕೇಳಿಸಿಕೊಳ್ಳಬೇಕು. ಮರೆತವರ ಲೋಕದೊಳಗೆ ಹೋಗಿ ಅವರ ಜೊತೆ ಆಡಬಹುದು. ಎಲ್ಲ ನೆನಪಿರುವವರಿಗೆ ಸುಳ್ಳು ಕೊಡಬಾರದು. ಇದನ್ನು ನಾನು ರಾವ್ ಅವರಿಗೆ ಹೇಳುವ ಮೊದಲೇ ತುಳಜಾಬಾಯಿ ಗಿಂಡಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಆಮೇಲೆ ಬೆಸುಗೆಗೆ ಮೂಗಿಟ್ಟರು.

"ದತ್ತೂ, ಕಾಶ್ಯಾಗ ಗಂಗಿಗೆ ಡೀಸೆಲ್ ವಾಸನಿ ಇರಂಗಿಲ್ಲೋ. ಒಡಿ ಇದನ್ನ. ಕುಡಿ."

ದತ್ತೂ ನಮ್ಮೆಲ್ಲರ ಎದುರು ಒಡೆದು ಕುಡಿದ. ರುಚಿ ಹೇಗಿದೆ ಎಂದು ಕೇಳಿದರು. ಅವನು ತಲೆ ತಗ್ಗಿಸಿ, ಮಂಜೀರಾ ಎಂದ. ಹೈದರಾಬಾದಿನ ಅರ್ಧ ಮನೆಗಳಿಗೆ ಬರುವ ನಲ್ಲಿನೀರು ಆ ನದಿಯದೇ, ಅವ್ವಾರು ಅದರಲ್ಲಿ ಜೀವಮಾನವಿಡೀ ಹಿಟ್ಟು ಕಲಸಿದವರು. ಅಂದು ಮೊದಲ ಸಲ ಅವ್ವಾರಿಗೂ ನಗು ಬಂತು. ಆದರೆ ಗಿಂಡಿಯ ಜಾಗ ಖಾಲಿಯೇ ಉಳಿಯಿತು.

ಆಗ ಬಾಗಿಲಲ್ಲಿ ನಿಂತಿದ್ದ ಯೂಸುಫ್ ಸಾಹೇಬರು, "ಫಿಕರ್ ನಕ್ಕೋ ಕರೋ ಅಮ್ಮಾ, ಕಾಶೀ ಕಾ ಪಾನಿ ಮೈಂ ಮಂಗಾತೂಂ" ಎಂದರು. ಚಿಂತೆ ಬೇಡ, ನಾನು ತರಿಸುತ್ತೇನೆ ಎಂದು. ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಆದರೆ ಭಾನುವಾರ ನೋಡಲು ಬಂದ ಮಗನಿಗೆ ಅವರು ಅದನ್ನೇ ಹೇಳಿದರು, ಮುಂದಿನ ಭಾನುವಾರವೂ ಅದನ್ನೇ ಹೇಳಿದರು. ಮಗನೂ ರೈಲಿನಲ್ಲೇ ಕೆಲಸಕ್ಕಿದ್ದ. ಅಪ್ಪ ತನ್ನ ಹೆಸರು ಮರೆತರೂ ಇದನ್ನು ಮರೆಯುತ್ತಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಕಾಶಿ ಕಡೆಯ ಗಾಡಿಯ ಸ್ನೇಹಿತರಿಗೆ ಹೇಳಿದ, ಅವರು ಮತ್ತೆ ಯಾರಿಗೋ ಹೇಳಿದರು. ಕಾಶಿಯಲ್ಲಿ ತುಂಬಿ ಬೆಸುಗೆ ಹಾಕಿದ ಒಂದು ಗಿಂಡಿ ಒಬ್ಬ ಗಾರ್ಡಿನ ಕೈಯಿಂದ ಇನ್ನೊಬ್ಬ ಗಾರ್ಡಿನ ಕೈಗೆ ಬರುತ್ತ ಬರುತ್ತ ಹೈದರಾಬಾದ್ ತಲುಪಿತು.

ಅದು ಬಂದ ದಿನ ಸಾಹೇಬರು ಹಳೇ ಟೋಪಿ ಹಾಕಿಕೊಂಡರು. ಗಿಂಡಿ ಹಿಡಿದು ತುಳಜಾಬಾಯಿಯ ಬಾಗಿಲ ತನಕ ಬಂದು ನೆಟ್ಟಗೆ ನಿಂತರು. ಒಳಗೆ ಬನ್ನಿ ಎಂದರೆ ಬರಲೊಲ್ಲರು. ನಾನು ಕರವಸ್ತ್ರಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ತುಳಜಾಬಾಯಿ ತಮ್ಮ ಹಸಿರು ಇಳಕಲ್ ಸೀರೆಯ ಸೆರಗನ್ನೇ ಎತ್ತಿ ಬೀಸಿದರು. ಗಾಡಿ ಒಳಗೆ ಬಂತು. ಅವ್ವಾರು ಗಿಂಡಿ ಅಲ್ಲಾಡಿಸಿ ನೋಡಿದರು, ಮೂಸಿ ನೋಡಿದರು, ಬೆಸುಗೆಯ ಮೇಲೆ ಉಗುರು ಎಳೆದರು, ವಿಠೋಬನ ಪಕ್ಕದಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಚಹಾ ಯಾಕ ತಣ್ಣಗೈತಿ ಇವತ್ತ ಎಂದು ಬೈದರು. ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತು. ನಾನು ಅಡುಗೆಮನೆಗೆ ಓಡಿಹೋಗಿ ಕಣ್ಣೊರೆಸಿಕೊಂಡೆ.

ಅವರು ಇನ್ನೂ ಕೆಲವು ವರ್ಷ ಬದುಕಿದರು. ಯೂಸುಫ್ ಸಾಹೇಬರು ಮೊದಲು ಹೋದರು, ಮಧ್ಯಾಹ್ನದ ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ಅವರನ್ನು ಒಯ್ಯುವಾಗ ತುಳಜಾಬಾಯಿ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಸೆರಗು ಬೀಸಿದರು.

ಈ ಮಧ್ಯೆ ನಮ್ಮ ಕೆಲಸದ ರೀತಿಯೂ ಬದಲಾಗಿತ್ತು. ಮೊದಲೆಲ್ಲ ನಾವು ಮಂಚದ ತಲೆಯ ಮೇಲೆ ಪಿಸುಪಿಸು ಮಾತಾಡಿ ನಿರ್ಧಾರ ಮಾಡುತ್ತಿದ್ದೆವು, ಮಲಗಿದವರಿಗೆ ಏನೂ ಆಗಲ್ಲ ಎಂದು ಹೇಳುತ್ತಿದ್ದೆವು. ಈಗ ಎದುರಿಗೆ ಕೂತು, ನಿಮಗೇನು ಬೇಕು ಎಂದು ಅವರನ್ನೇ ಕೇಳುತ್ತೇವೆ. ಇದಕ್ಕೆ ದೊಡ್ಡ ತರಬೇತಿ, ದೊಡ್ಡ ಹೆಸರು ಎಲ್ಲ ಬಂದಿದೆ. ನನಗೆ ಅದನ್ನು ಕಲಿಸಿದ್ದು ಆ ಖಾಲಿ ಗಿಂಡಿ.

ನಾಂಪಲ್ಲಿಯಲ್ಲಿ ವಸ್ತುಪ್ರದರ್ಶನ ನಡೆಯುವ ಜನವರಿಯ ಒಂದು ಬೆಳಗ್ಗೆ ತುಳಜಾಬಾಯಿಯ ಉಸಿರು ಬದಲಾಯಿತು. ಈ ಸಲ ಹಟ ಅಲ್ಲ, ನನಗೆ ಗೊತ್ತಾಯಿತು. ಆದರೂ ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ರಾವ್ ನನ್ನನ್ನು ನೋಡಿದರು, ನಾನು ರಾವ್ ಅವರನ್ನು ನೋಡಿದೆ. ಓಡಿಬಂದ ದತ್ತೂ ನನ್ನನ್ನು ಮೂಲೆಗೆ ಕರೆದು, ಈ ಸಲ ಪಕ್ಕಾ ಏನ್ರಿ ಸಿಸ್ಟರ್, ಕಾರ್ಖಾನ್ಯಾಗ ಏನಂತ ಹೇಳ್ಲಿ ಎಂದು ಕೇಳಿದ. ಅವನ ಕಣ್ಣಲ್ಲಿ ನೀರಿತ್ತು, ಪಾಪ, ಆದರೂ ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

ನಾನು ಗಿಂಡಿ ತೆಗೆದುಕೊಂಡು ಅವರ ಪಕ್ಕದಲ್ಲಿ ಕೂತೆ. ಈ ಸಲ ಕೇಳಿದೆ.

"ಅವ್ವಾರ, ಒಡೀಲೇನ್ರಿ?"

ಅವರು ಕಣ್ಣು ತೆರೆದರು. ದನಿ ಸಣ್ಣಗಿತ್ತು, ಮಾತು ಸ್ಪಷ್ಟವಾಗಿತ್ತು.

"ಬ್ಯಾಡ. ಅದು ನಿನಗ ಇರಲಿ. ನನ್ನ ಗಂಗಿ ಅವತ್ತೇ ಆತು. ಎಲ್ಲಾರೂ ಒಂದೊಂದ ಚಮಚಾ ಹಾಕಿದ್ರಿ, ನಾ ಕಣ್ಣ ಮುಚ್ಚಿ ಅರ್ಧಾ ಎಚ್ಚರದಾಗ ಎಲ್ಲಾರ ದನೀನೂ ಕೇಳಾಕತ್ತಿದ್ದೆ. ಖರೇ ಸತ್ತಿದ್ರ ಯಾರ್ ಹಾಕಿದ್ರು ಅನ್ನೋದು ಗೊತ್ತಾಗ್ತಿತ್ತೇನು?" ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಈಗ ಚಹಾ ತಾ. ಎರಡ ಚಮಚಾ ಸಕ್ರಿ."

ನಾನು ರಾವ್ ಕಡೆ ನೋಡಿದೆ. ರಾವ್ ತಾವೇ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ತಂದರು. ಚಮಚದ ತುದಿಯಿಂದ ತುಟಿಗೆ ಮುಟ್ಟಿಸಿದೆ, ಚಪ್ಪರಿಸಿದರು, ಇನ್ನೊಮ್ಮೆ ಮುಟ್ಟಿಸಿದೆ. ಮೂರನೆಯದಕ್ಕೆ ತುಟಿ ಅಲ್ಲಾಡಲಿಲ್ಲ. ನಾವು ಬಹಳ ಹೊತ್ತು ಕಾದೆವು, ಒಮ್ಮೆ ಮೋಸ ಹೋದವರು ನೋಡಿ. ಆಮೇಲೆ ನಾನು ಅತ್ತುಬಿಟ್ಟೆ.

ಕಾರ್ಖಾನೆಯವರು ದತ್ತೂವನ್ನು ನಂಬಲಿಲ್ಲ. ನಾನೇ ಫೋನಿನಲ್ಲಿ ಮಾತಾಡಿ ಆಣೆ ಮಾಡಿ ಹೇಳಬೇಕಾಯಿತು.

ಗಿಂಡಿ ಈಗ ನನ್ನ ಮನೆಯಲ್ಲಿದೆ. ನನಗೂ ಮಂಡಿ ಹಿಡಿಯುತ್ತದೆ, ಹೆಸರುಗಳು ಸಮಯಕ್ಕೆ ಬಾಯಿಗೆ ಬರುವುದಿಲ್ಲ. ಆಗಾಗ ಅದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ, ಗುಳುಗುಳು ಎನ್ನುತ್ತದೆ. ಮನೆಗೆ ಬರುವ ಹೊಸ ಹುಡುಗಿಯರಿಗೆಲ್ಲ ತೋರಿಸಿ ಹೇಳಿಟ್ಟಿದ್ದೇನೆ, ನಿಮ್ಮಲ್ಲೇ ಯಾರಾದರೂ ಒಬ್ಬರು ಇದನ್ನು ಒಡೆಯುವವರು. ಬೆಸುಗೆ ಬಲು ಗಟ್ಟಿ ಇದೆ, ಅವಸರ ಮಾಡಬೇಡಿ. ಮೊದಲು ನನ್ನನ್ನು ಒಂದು ಮಾತು ಕೇಳಿ, ನಾನು ಓಗೊಡದಿದ್ದರೆ ಚಹಾ ಕೊಟ್ಟು ನೋಡಿ.